ಪುಟ್ಟ ಮಕ್ಕಳ ಮೂತ್ರದ ಸೋಂಕು: ಯೂರಿನ್ ಟೆಸ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಜ್ವರ. ಡಾಕ್ಟರು ಯೂರಿನ್ ಟೆಸ್ಟ್ ಬರೆದುಕೊಡುತ್ತಾರೆ. ರಿಪೋರ್ಟ್ ಕೈಗೆ ಬಂದರೆ ನೈಟ್ರೈಟ್ ನೆಗೆಟಿವ್, ಲ್ಯೂಕೋಸೈಟ್ ಪಾಸಿಟಿವ್, ಪಸ್ ಸೆಲ್ಸ್ ಇಷ್ಟು, ಕಲ್ಚರ್ (ಉಚ್ಚೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಇನ್ನೂ ಬಂದಿಲ್ಲ. ಸೋಂಕು ಇದೆಯೋ ಇಲ್ಲವೋ? ಈ ಗೊಂದಲ ಅಪ್ಪ ಅಮ್ಮಂದಿರಿಗೆ ಮಾತ್ರ ಅಲ್ಲ, ಡಾಕ್ಟರಿಗೂ ಇರುತ್ತದೆ. ಮುಖ್ಯವಾಗಿ ಎರಡು ವರ್ಷದೊಳಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆದಿದೆ. ರಿಪೋರ್ಟ್ ಅರ್ಥ ಮಾಡಿಕೊಳ್ಳಲು ಇವು ನೆರವಾಗಲಿ. ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರ ಮಾತಿನ ಜಾಗದಲ್ಲಿ ಇವನ್ನು ಇಡಬೇಡಿ.

ಬರೀ ಜ್ವರ ಇದೆ, ಉಚ್ಚೆಯ ತೊಂದರೆ ಏನೂ ಕಾಣುತ್ತಿಲ್ಲ. ಆದರೂ ಯೂರಿನ್ ಟೆಸ್ಟ್ ಯಾಕೆ?

ದೊಡ್ಡವರಾದರೆ ಉರಿ ಅನ್ನುತ್ತಾರೆ, ಕಿಬ್ಬೊಟ್ಟೆ ನೋವು ಅನ್ನುತ್ತಾರೆ, ಪದೇ ಪದೇ ಹೋಗಬೇಕು ಅನ್ನಿಸುತ್ತಿದೆ ಅನ್ನುತ್ತಾರೆ. ಎಂಟು ತಿಂಗಳ ಕೂಸು ಏನು ಹೇಳೀತು? ಅದಕ್ಕೆ ಜ್ವರ ಬರುತ್ತದೆ, ರಚ್ಚೆ ಹಿಡಿಯುತ್ತದೆ, ಹಾಲು ಬೇಡ ಅನ್ನುತ್ತದೆ, ವಾಂತಿ ಮಾಡುತ್ತದೆ. ಅಷ್ಟೇ. ಹುಟ್ಟಿದ ಹೊಸದರಲ್ಲಾದರೆ ಕಾಮಾಲೆ ಬೇಗ ಇಳಿಯದೆ ಇರುವುದೂ ಕೆಲವೊಮ್ಮೆ ಇದರ ಸುಳಿವೇ.

ಜ್ವರಕ್ಕೆ ಬೇರೆ ಕಾರಣ ಕಾಣದ 2ರಿಂದ 24 ತಿಂಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 5ರಿಂದ 7 ಮಕ್ಕಳಿಗೆ ಮೂತ್ರದ ಸೋಂಕು ಇರುತ್ತದೆ. ಈ ವಯಸ್ಸಿನಲ್ಲಿ ಜ್ವರ ಬಂದಿದೆ ಅಂದರೆ ಸೋಂಕು ಮೂತ್ರಕೋಶದಲ್ಲೇ ನಿಂತಿಲ್ಲ, ಕಿಡ್ನಿಗೂ ಹೋಗಿದೆ ಎನ್ನುವ ಸಾಧ್ಯತೆ ಜಾಸ್ತಿ. ಮದ್ದು ಶುರುವಾಗುವುದು ಎರಡು ದಿನಕ್ಕಿಂತ ತಡವಾದಷ್ಟೂ ಕಿಡ್ನಿಯಲ್ಲಿ ಶಾಶ್ವತವಾದ ಕಲೆ ಉಳಿಯುವ ಅಪಾಯ ಏರುತ್ತದೆ. ಅದಕ್ಕೇ ಡಾಕ್ಟರು ಸುಮ್ನೆ ಕಾದು ನೋಡದೆ ಟೆಸ್ಟ್ ಮಾಡಿಸುತ್ತಾರೆ.

ಯಾವ ಮಕ್ಕಳಿಗೆ ಅಪಾಯ ಜಾಸ್ತಿ?

ವಯಸ್ಸಿನ ಜೊತೆ ಚಿತ್ರ ಬದಲಾಗುತ್ತದೆ. ಮೂರು ತಿಂಗಳೊಳಗೆ ಸುನ್ನತಿ ಆಗದ ಗಂಡು ಕೂಸುಗಳೇ ಮುಂದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಈ ವಯಸ್ಸಿನಲ್ಲಿ ಜ್ವರ ಬಂದ ಅಂಥ ಗಂಡು ಕೂಸುಗಳಲ್ಲಿ ನೂರಕ್ಕೆ ಸುಮಾರು 20ಕ್ಕೆ ಸೋಂಕು ಇತ್ತು. ಹೆಣ್ಣು ಕೂಸುಗಳಲ್ಲಿ 7.5, ಸುನ್ನತಿ ಆದ ಗಂಡು ಕೂಸುಗಳಲ್ಲಿ 2.4. ಬೆಳೆಯುತ್ತಾ ಹೋದಂತೆ ಹೆಣ್ಣು ಮಕ್ಕಳಲ್ಲಿ ಜಾಸ್ತಿ.

ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಎರಡು ದಿನ ಕಳೆದರೂ ಬಿಡದಿದ್ದರೆ, ಹಿಂದೆ ಒಮ್ಮೆ ಮೂತ್ರದ ಸೋಂಕು ಆಗಿದ್ದರೆ, ಜ್ವರಕ್ಕೆ ಬೇರೆ ಕಾರಣ ಸಿಗದಿದ್ದರೆ ಅನುಮಾನ ಬಲವಾಗುತ್ತದೆ. ಇವನ್ನೆಲ್ಲ ಹಾಕಿ ಸಾಧ್ಯತೆ ಲೆಕ್ಕ ಹಾಕಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಯುಟಿಐಕ್ಯಾಲ್ಕ್ ಎಂಬ ಕ್ಯಾಲ್ಕುಲೇಟರ್ ಮಾಡಿದ್ದಾರೆ. 2018ರ ಮೊದಲ ರೂಪದಲ್ಲಿ ಮಗುವಿನ ಜನಾಂಗವನ್ನೂ ಕೇಳುತ್ತಿತ್ತು. ಆಮೇಲೆ ಅದನ್ನು ತೆಗೆದುಹಾಕಿ, ಹಳೆಯ ಸೋಂಕು ಮತ್ತು ಜ್ವರದ ಅವಧಿಯನ್ನು ಸೇರಿಸಿದರು. ಲೆಕ್ಕದ ನಿಖರತೆ ಕೆಡಲಿಲ್ಲ. ಒಳ್ಳೆಯ ಕೆಲಸ ಅಂತಲೇ ಹೇಳಬೇಕು.

ಉಚ್ಚೆ ವಾಸನೆ ಬರುತ್ತಿದೆ, ಕದಡಿದ ಹಾಗೆ ಕಾಣುತ್ತಿದೆ. ಸೋಂಕು ಅಂತ ತಿಳಿಯಬಹುದೇ?

ಇಲ್ಲ. ಮಗು ನೀರು, ಹಾಲು ಕಡಿಮೆ ಕುಡಿದಿದ್ದರೆ ಉಚ್ಚೆ ಗಟ್ಟಿಯಾಗಿ ವಾಸನೆ ಬರುತ್ತದೆ. ಸೋಂಕು ಇದ್ದೂ ತಿಳಿಯಾಗಿ, ವಾಸನೆ ಇಲ್ಲದೆ ಇರುವುದೂ ಉಂಟು. ಇನ್ನೊಂದು ವಿಷಯ. ಹುಟ್ಟಿದ ಮೊದಲ ದಿನಗಳಲ್ಲಿ ಡಯಾಪರ್ ಮೇಲೆ ಇಟ್ಟಿಗೆಪುಡಿಯಂಥ ಗುಲಾಬಿ ಕಲೆ ಕಂಡು ರಕ್ತ ಅಂತ ಗಾಬರಿ ಬೀಳುವವರು ಬಹಳ. ಸಾಮಾನ್ಯವಾಗಿ ಅದು ಯೂರೇಟ್ ಹರಳು. ಡಾಕ್ಟರಿಗೆ ತೋರಿಸಿ, ಆದರೆ ಅದನ್ನೇ ಸೋಂಕು ಅಂದುಕೊಳ್ಳಬೇಡಿ.

ಮಾರ್ಕರ್ ಅಂದರೆ ಏನು?

ಸೋಂಕು ಇದ್ದಾಗ ಉಚ್ಚೆಯಲ್ಲಿ ಕಾಣಿಸಿಕೊಳ್ಳುವ ಗುರುತು. ಎರಡು ಬಗೆ ಅಂತ ಇಟ್ಟುಕೊಳ್ಳಿ. ಒಂದು, ಬ್ಯಾಕ್ಟೀರಿಯಾ ಮಾಡಿದ ಕೆಲಸದ ಗುರುತು. ನೈಟ್ರೈಟ್ ಈ ಜಾತಿಯದು. ಇನ್ನೊಂದು, ಬ್ಯಾಕ್ಟೀರಿಯಾ ಕಂಡು ನಮ್ಮ ಮೈ ತೋರಿಸಿದ ಪ್ರತಿಕ್ರಿಯೆಯ ಗುರುತು. ಬಿಳಿ ರಕ್ತಕಣ, ಅದರಿಂದ ಬರುವ ಲ್ಯೂಕೋಸೈಟ್ ಎಸ್ಟರೇಸ್, ಈಚೆಗೆ ಸುದ್ದಿಯಲ್ಲಿರುವ ಎನ್‌ಗ್ಯಾಲ್ ಎಂಬ ಪ್ರೋಟೀನ್, ಇವೆಲ್ಲ ಎರಡನೆಯ ಜಾತಿ.

ಮಾರ್ಕರ್ ಸೋಂಕನ್ನು ಸಾಬೀತು ಮಾಡುವುದಿಲ್ಲ. ಸಾಧ್ಯತೆಯನ್ನು ಮೇಲೆ ಅಥವಾ ಕೆಳಗೆ ತಳ್ಳುತ್ತದೆ, ಅಷ್ಟೇ. ಉಚ್ಚೆ ಹಿಡಿದ ರೀತಿ ಸರಿ ಇಲ್ಲದಿದ್ದರೆ ಎಂಥ ಒಳ್ಳೆಯ ಮಾರ್ಕರ್ ಕೂಡ ದಾರಿ ತಪ್ಪಿಸುತ್ತದೆ. ಸ್ಯಾಂಪಲ್ ಹಿಡಿಯುವ ವಿಷಯಕ್ಕೆ ಕೆಳಗೆ ಜಾಸ್ತಿ ಜಾಗ ಕೊಟ್ಟಿರುವುದು ಅದಕ್ಕೇ.

ನೈಟ್ರೈಟ್ ನೆಗೆಟಿವ್ ಬಂದರೆ ನೆಮ್ಮದಿಯಾಗಿ ಇರಬಹುದೇ?

ಪುಟ್ಟ ಮಕ್ಕಳ ವಿಷಯದಲ್ಲಿ ಖಂಡಿತ ಇರಬಾರದು.

ಉಚ್ಚೆಯಲ್ಲಿ ಸಹಜವಾಗಿ ನೈಟ್ರೇಟ್ ಇರುತ್ತದೆ. ಇ. ಕೋಲಿಯಂಥ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಾಯಿಸುತ್ತವೆ. ಉಚ್ಚೆಯಲ್ಲಿ ಅದ್ದಿ ನೋಡುವ ಪಟ್ಟಿಗೆ ಸ್ಟ್ರಿಪ್ ಅನ್ನುತ್ತಾರೆ. ಅದರ ಮೇಲಿನ ರಾಸಾಯನಿಕಕ್ಕೆ ನೈಟ್ರೈಟ್ ತಾಗಿದರೆ ಗುಲಾಬಿ ಬಣ್ಣ. ಇದರ ಹಿಂದಿರುವುದು ಜರ್ಮನ್ ರಸಾಯನಶಾಸ್ತ್ರಜ್ಞ ಪೀಟರ್ ಗ್ರೀಸ್ 1879ರಲ್ಲಿ ವಿವರಿಸಿದ ಕ್ರಿಯೆ. ಅಷ್ಟು ಹಳೆಯದು.

ತೊಡಕು ಇರುವುದು ಸಮಯದಲ್ಲಿ. ಈ ಬದಲಾವಣೆಗೆ ಉಚ್ಚೆ ಮೂತ್ರಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಲ್ಲಬೇಕು. ದೊಡ್ಡವರು ರಾತ್ರಿಯಿಡೀ ಹಿಡಿದುಕೊಂಡಿರುತ್ತಾರೆ, ಬೆಳಗಿನ ಸ್ಯಾಂಪಲ್‌ನಲ್ಲಿ ನೈಟ್ರೈಟ್ ಚೆನ್ನಾಗಿ ಕಾಣುತ್ತದೆ. ಕೂಸು ಗಂಟೆಗೊಮ್ಮೆ ಡಯಾಪರ್ ಒದ್ದೆ ಮಾಡುತ್ತದೆ ಅಲ್ವಾ? ಬ್ಯಾಕ್ಟೀರಿಯಾ ಕೆಲಸ ಮುಗಿಸುವ ಮೊದಲೇ ಉಚ್ಚೆ ಹೊರಗೆ. ಜೊತೆಗೆ ಎಂಟರೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳಿಗೆ ಈ ಬದಲಾವಣೆ ಮಾಡಲು ಬರುವುದೇ ಇಲ್ಲ.

ಆದರೆ ನೈಟ್ರೈಟ್ ಪಾಸಿಟಿವ್ ಬಂದರೆ ಮಾತು ಬೇರೆ. ಸ್ಯಾಂಪಲ್ ತಾಜಾ ಆಗಿದ್ದು, ಸ್ಟ್ರಿಪ್ ಕೆಟ್ಟಿಲ್ಲದಿದ್ದರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಲ್ಯೂಕೋಸೈಟ್ ಪಾಸಿಟಿವ್ ಅಂದರೆ?

ಬಿಳಿ ರಕ್ತಕಣಗಳೊಳಗಿನ ಎಸ್ಟರೇಸ್ ಎಂಬ ಕಿಣ್ವ ಉಚ್ಚೆಯಲ್ಲಿದೆ ಅಂತ ಅರ್ಥ. ಸೋಂಕಿನ ಜಾಗಕ್ಕೆ ಮೊದಲು ಓಡಿಬರುವುದು ಈ ಕಣಗಳೇ. ಹಾಗಾಗಿ ಸೋಂಕು ಇದ್ದರೆ ಇದು ಸಾಮಾನ್ಯವಾಗಿ ಪಾಸಿಟಿವ್ ಇರುತ್ತದೆ. ಆದರೆ ಬಿಳಿ ರಕ್ತಕಣ ಬರುವುದು ಮೂತ್ರದ ಸೋಂಕಿಗೆ ಮಾತ್ರ ಅಲ್ಲ. ಬೇರೆ ಕಾರಣದ ಜ್ವರ, ಕಾವಾಸಾಕಿ ಕಾಯಿಲೆ, ಅಪೆಂಡಿಕ್ಸ್ ಊತ, ಹೆಣ್ಣು ಮಕ್ಕಳಲ್ಲಿ ಯೋನಿಯ ಕಡೆಯ ಉರಿಯೂತ, ಯಾವುದರಲ್ಲಿ ಬೇಕಾದರೂ ಕಾಣಿಸಬಹುದು.

ತಪ್ಪಿ ನೆಗೆಟಿವ್ ಬರುವುದೂ ಇದೆ. ಉಚ್ಚೆ ತುಂಬಾ ಗಟ್ಟಿಯಾಗಿದ್ದರೆ, ವಿಟಮಿನ್ ಸಿ ಜಾಸ್ತಿ ಇದ್ದರೆ, ಅಥವಾ ಮಗುವಿನ ರಕ್ತದಲ್ಲೇ ಬಿಳಿ ಕಣ ಕಡಿಮೆ ಇದ್ದರೆ.

ಹಾಗಾದರೆ ಈ ಎರಡನ್ನೂ ಎಷ್ಟು ನಂಬಬಹುದು? ಲೆಕ್ಕ ಹಾಕಿ ತೋರಿಸಿ.

ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2011ರ ಮಾರ್ಗಸೂಚಿಯಲ್ಲಿ ಕೊಟ್ಟ ಸರಾಸರಿ ಅಂಕಿಗಳನ್ನೇ ತೆಗೆದುಕೊಳ್ಳೋಣ. ಲ್ಯೂಕೋಸೈಟ್ ಎಸ್ಟರೇಸ್ ಸೋಂಕು ಇರುವ ನೂರು ಮಕ್ಕಳಲ್ಲಿ 83 ಮಕ್ಕಳನ್ನು ಹಿಡಿಯುತ್ತದೆ, ಸೋಂಕು ಇಲ್ಲದ ನೂರರಲ್ಲಿ 78 ಮಕ್ಕಳಿಗೆ ಸರಿಯಾಗಿ ನೆಗೆಟಿವ್ ಕೊಡುತ್ತದೆ. ನೈಟ್ರೈಟ್ ಹಿಡಿಯುವುದು 53 ಮಾತ್ರ, ಆದರೆ ಸೋಂಕು ಇಲ್ಲದ ನೂರರಲ್ಲಿ 98ಕ್ಕೆ ನೆಗೆಟಿವ್.

ಈಗ ಜ್ವರ ಬಂದ 1000 ಪುಟಾಣಿಗಳನ್ನು ನೆನೆಸಿಕೊಳ್ಳಿ. ಅದರಲ್ಲಿ 70 ಮಕ್ಕಳಿಗೆ ನಿಜವಾಗಿ ಮೂತ್ರದ ಸೋಂಕು, 930ಕ್ಕೆ ಇಲ್ಲ.

ಲ್ಯೂಕೋಸೈಟ್ ಮಾತ್ರ ನೋಡಿದರೆ 70ರಲ್ಲಿ 58 ಪಾಸಿಟಿವ್. ಸೋಂಕು ಇಲ್ಲದ 930ರಲ್ಲೂ ಸುಮಾರು 205 ಪಾಸಿಟಿವ್! ಅಂದರೆ ಪಾಸಿಟಿವ್ ಬಂದ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಮಾತ್ರ ಸೋಂಕು.

ನೈಟ್ರೈಟ್ ನೋಡಿದರೆ 70ರಲ್ಲಿ 37 ಪಾಸಿಟಿವ್, ಉಳಿದವರಲ್ಲಿ ಸುಮಾರು 19. ಪಾಸಿಟಿವ್ ಬಂದ ಮೂವರಲ್ಲಿ ಇಬ್ಬರಿಗೆ ಸೋಂಕು ನಿಜ. ಆದರೆ 33 ಮಕ್ಕಳು ಕೈತಪ್ಪಿ ಹೋದರು.

ಎರಡರಲ್ಲಿ ಯಾವುದಾದರೂ ಒಂದು ಪಾಸಿಟಿವ್ ಇದ್ದರೆ ಪಾಸಿಟಿವ್ ಅಂತ ಇಟ್ಟುಕೊಂಡರೆ ಸೋಂಕಿನ 100 ಮಕ್ಕಳಲ್ಲಿ 93 ಸಿಗುತ್ತಾರೆ, ಸೋಂಕಿಲ್ಲದವರಲ್ಲಿ ಸರಿಯಾಗಿ ನೆಗೆಟಿವ್ ಬರುವುದು 72ಕ್ಕೆ ಇಳಿಯುತ್ತದೆ. ನಮ್ಮ ಸಾವಿರ ಮಕ್ಕಳಲ್ಲಿ ಎರಡೂ ನೆಗೆಟಿವ್ ಬಂದವರು ಸುಮಾರು 675, ಅವರಲ್ಲಿ ಸೋಂಕು ಇದ್ದೂ ತಪ್ಪಿಹೋದವರು 5. ನೂರಕ್ಕೆ ಒಂದಕ್ಕಿಂತ ಕಡಿಮೆ.

ಈ ಲೆಕ್ಕದಲ್ಲಿ ಸ್ಟ್ರಿಪ್‌ನ ನಿಜವಾದ ಉಪಯೋಗ ಕಾಣುತ್ತದೆ. ಎರಡೂ ನೆಗೆಟಿವ್ ಬಂದರೆ ಸೋಂಕು ಬಹುಮಟ್ಟಿಗೆ ಇಲ್ಲ ಅನ್ನಬಹುದು. ಲ್ಯೂಕೋಸೈಟ್ ಒಂದೇ ಪಾಸಿಟಿವ್ ಬಂದರೆ ಅನುಮಾನ ಇದೆ, ಕಲ್ಚರ್ ನೋಡಬೇಕು ಅನ್ನಬಹುದು. ಅದಕ್ಕಿಂತ ಜಾಸ್ತಿ ಹೇಳಿಸಬಾರದು. ಇನ್ನೊಂದು: ಮಗುವಿಗೆ ಸೋಂಕಿನ ಸಾಧ್ಯತೆ ಮೊದಲೇ ಜಾಸ್ತಿ ಇದ್ದರೆ, ಉದಾಹರಣೆಗೆ ನೂರಕ್ಕೆ 20 ಇದ್ದರೆ, ಅದೇ ನೆಗೆಟಿವ್ ಅಷ್ಟು ಭರವಸೆ ಕೊಡುವುದಿಲ್ಲ. ಒಂದೇ ರಿಪೋರ್ಟ್‌ಗೆ ಎರಡು ಮಕ್ಕಳಲ್ಲಿ ಎರಡು ಅರ್ಥ.

ಸ್ಟ್ರಿಪ್ ತಂದು ಮನೆಯಲ್ಲೇ ನೋಡಬಹುದೇ?

ನೋಡುವುದು ಕಷ್ಟವಲ್ಲ, ಸರಿಯಾಗಿ ನೋಡುವುದು ಕಷ್ಟ. ಸ್ಟ್ರಿಪ್ ಅದ್ದಿ ತೆಗೆದು, ಅಂಚನ್ನು ಒರೆಸಿ, ಅಡ್ಡಡ್ಡ ಹಿಡಿದು ಕಾಯಬೇಕು. ಸಾಮಾನ್ಯವಾಗಿ ನೈಟ್ರೈಟ್ ಚೌಕವನ್ನು 60 ಸೆಕೆಂಡಿಗೆ, ಲ್ಯೂಕೋಸೈಟ್ ಚೌಕವನ್ನು 2 ನಿಮಿಷಕ್ಕೆ ನೋಡುತ್ತಾರೆ. ಬಾಟಲಿಯ ಮೇಲೆ ಬರೆದಿರುವ ಸಮಯವೇ ಅಂತಿಮ. ನೈಟ್ರೈಟ್ ಚೌಕ ಬಿಳಿಯಿಂದ ಗುಲಾಬಿಗೆ, ಲ್ಯೂಕೋಸೈಟ್ ಚೌಕ ಕೆನೆಬಣ್ಣದಿಂದ ನೇರಳೆಗೆ ತಿರುಗುತ್ತದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಬಣ್ಣ ತಾನಾಗಿಯೇ ಗಾಢವಾಗಿರುತ್ತದೆ, ಅದು ಲೆಕ್ಕಕ್ಕಿಲ್ಲ. ಬಾಟಲಿಯ ಮುಚ್ಚಳ ತೆರೆದಿಟ್ಟು ಗಾಳಿ, ತೇವ ತಾಗಿಸಿದರೆ ಸ್ಟ್ರಿಪ್‌ಗಳು ಕೆಡುತ್ತವೆ, ಸುಳ್ಳು ನೈಟ್ರೈಟ್ ಪಾಸಿಟಿವ್ ಬರುವ ಒಂದು ದಾರಿ ಅದು.

ನನ್ನ ಪ್ರಕಾರ ಎರಡು ವರ್ಷದೊಳಗಿನ ಜ್ವರದ ಮಗುವಿಗೆ ಮನೆಯ ಸ್ಟ್ರಿಪ್ ಬೇಡ. ನೆಗೆಟಿವ್ ಬಂದರೆ ಸುಳ್ಳು ಧೈರ್ಯ ಬರುತ್ತದೆ, ಪಾಸಿಟಿವ್ ಬಂದರೆ ಹೇಗೂ ಆಸ್ಪತ್ರೆಗೆ ಹೋಗಬೇಕು.

ಸ್ಯಾಂಪಲ್ ಹಿಡಿಯುವ ಬಗೆ ಯಾಕೆ ಅಷ್ಟು ಮುಖ್ಯ? ಅಂಟಿಸುವ ಬ್ಯಾಗ್ ಹಾಕಿದರೆ ಸಾಕಲ್ಲವೇ?

ಬ್ಯಾಗ್ ಹಾಕುವುದು ಸುಲಭ, ಮಗುವಿಗೂ ನೋವಿಲ್ಲ. ಆದರೆ ಉಚ್ಚೆ ಚರ್ಮದ ಮೇಲೆ ಹರಿದು, ಬ್ಯಾಗಿನಲ್ಲಿ ಕೂತು, ಮಲದ ಜಾಗದ ಬ್ಯಾಕ್ಟೀರಿಯಾಗಳನ್ನೂ ಕೂಡಿಕೊಂಡು ಲ್ಯಾಬ್‌ಗೆ ಹೋಗುತ್ತದೆ. ಅಲ್ಲಿ ಅವೂ ಬೆಳೆಯುತ್ತವೆ. ಅಕಾಡೆಮಿಯ ಲೆಕ್ಕ ಹೀಗಿದೆ: ಸೋಂಕು ನೂರಕ್ಕೆ 5 ಮಕ್ಕಳಲ್ಲಿ ಇದೆ ಅಂತಾದರೆ, ಬ್ಯಾಗ್ ಕಲ್ಚರ್ ಪಾಸಿಟಿವ್ ಬಂದ ನೂರು ಮಕ್ಕಳಲ್ಲಿ ಸುಮಾರು 15ಕ್ಕೆ ಮಾತ್ರ ನಿಜವಾದ ಸೋಂಕು. ಉಳಿದ 85 ಮಕ್ಕಳು ಬೇಡದ ಆಂಟಿಬಯಾಟಿಕ್ ನುಂಗುತ್ತಾರೆ, ಬೇಡದ ಸ್ಕ್ಯಾನ್ ಮಾಡಿಸಿಕೊಳ್ಳುತ್ತಾರೆ, ಮುಂದಿನ ಜ್ವರಕ್ಕೂ 'ಹಿಂದೆ ಮೂತ್ರದ ಸೋಂಕು ಆಗಿತ್ತು' ಎಂಬ ಹಣೆಪಟ್ಟಿ ಹೊತ್ತುಕೊಂಡು ಬರುತ್ತಾರೆ. ಈ ಹಣೆಪಟ್ಟಿಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಹಾಗಂತ ಬ್ಯಾಗ್ ಪೂರ್ತಿ ನಿರುಪಯೋಗಿ ಅಲ್ಲ. ಅದರಲ್ಲಿ ಹಿಡಿದ ತಾಜಾ ಉಚ್ಚೆಗೆ ಸ್ಟ್ರಿಪ್ ಅದ್ದಿ, ನೆಗೆಟಿವ್ ಬಂದರೆ ಅಲ್ಲಿಗೆ ನಿಲ್ಲಿಸಬಹುದು. ಪಾಸಿಟಿವ್ ಬಂದವರಿಗೆ ಮಾತ್ರ ಕ್ಯಾತಿಟರ್ (ತೆಳ್ಳನೆಯ ನಳಿಕೆ) ಹಾಕಿ ಕಲ್ಚರ್‌ಗೆ ಹೊಸ ಸ್ಯಾಂಪಲ್ ತೆಗೆಯಬೇಕು. 6ರಿಂದ 24 ತಿಂಗಳ ಮಕ್ಕಳಲ್ಲಿ ಈ ಎರಡು ಹಂತದ ಪದ್ಧತಿ ಪಾಲಿಸಿದ ಒಂದು ಆಸ್ಪತ್ರೆಯ ಅನುಭವ 2016ರಲ್ಲಿ ಪ್ರಕಟವಾಯಿತು. ಕ್ಯಾತಿಟರ್ ಹಾಕಿಸಿಕೊಳ್ಳುವ ಮಕ್ಕಳ ಪ್ರಮಾಣ ನೂರಕ್ಕೆ 63 ಇದ್ದದ್ದು 30ರ ಒಳಗೆ ಬಂತು. ಬ್ಯಾಗಿನ ಉಚ್ಚೆಯನ್ನು ಕಲ್ಚರ್‌ಗೆ ಕಳಿಸಬಾರದು ಎಂಬುದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಡಯಾಪರ್‌ನೊಳಗಿಟ್ಟ ಹತ್ತಿಯಿಂದ ಹಿಂಡಿದ ಉಚ್ಚೆಗೂ ಇದೇ ಮಾತು.

ಉಚ್ಚೆ ಹೊಯ್ಯುವಾಗ ಡಬ್ಬಿ ಹಿಡಿದು ಮಧ್ಯದ ಧಾರೆಯನ್ನು ಹಿಡಿಯುವುದು ಇನ್ನೊಂದು ಬಗೆ. ಜಾಗವನ್ನು ತೊಳೆದು ಒರೆಸಿ, ಮಗುವನ್ನು ಡಯಾಪರ್ ಇಲ್ಲದೆ ಮಲಗಿಸಿ, ಸ್ಟೆರೈಲ್ ಡಬ್ಬಿ ತೆರೆದಿಟ್ಟುಕೊಂಡು ಕಾಯಬೇಕು. ಒಂದು ಕ್ಷಣ ಫೋನ್ ನೋಡಿದಿರೋ, ಧಾರೆ ಹಾಸಿಗೆಗೆ. ಈ ಕಾಯುವಿಕೆ ಕಡಿಮೆ ಮಾಡಲು ಮೆಲ್ಬರ್ನ್‌ನಲ್ಲಿ ಒಂದು ಉಪಾಯ ಪರೀಕ್ಷಿಸಿದರು. ತಣ್ಣನೆಯ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಸುತ್ತ ಸುತ್ತ ಉಜ್ಜುವುದು. ಕ್ವಿಕ್-ವೀ ಅಂತ ಹೆಸರು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ 1ರಿಂದ 12 ತಿಂಗಳ ಕೂಸುಗಳಲ್ಲಿ ಐದು ನಿಮಿಷದೊಳಗೆ ಉಚ್ಚೆ ಹೊಯ್ದವರು ನೂರಕ್ಕೆ 31, ಸುಮ್ನೆ ಕಾದವರಲ್ಲಿ 12. ಅದ್ಭುತ ಅನ್ನುವಂತಿಲ್ಲ, ಆದರೆ ಖರ್ಚಿಲ್ಲ, ನೋವಿಲ್ಲ. ನವಜಾತ ಶಿಶುಗಳಿಗೆ ಸ್ಪೇನಿನ ವೈದ್ಯರು 2013ರಲ್ಲಿ ಇನ್ನೊಂದು ವಿಧಾನ ಹೇಳಿದರು. ಹಾಲು ಕುಡಿಸಿ, ಕಂಕುಳ ಕೆಳಗೆ ಹಿಡಿದು ಎತ್ತಿ, ಕಿಬ್ಬೊಟ್ಟೆಯನ್ನು ಮೆಲ್ಲಗೆ ತಟ್ಟುವುದು, ಆಮೇಲೆ ಸೊಂಟದ ಹಿಂಭಾಗವನ್ನು ಸವರುವುದು. ಅವರಲ್ಲಿ ಬಹುತೇಕ ಕೂಸುಗಳು ಉಚ್ಚೆ ಹೊಯ್ದವು. ಸ್ವಲ್ಪ ದೊಡ್ಡ, ಒದ್ದಾಡುವ ಮಕ್ಕಳಲ್ಲಿ ಅಷ್ಟು ಸುಲಭವಲ್ಲ.

ಕ್ಯಾತಿಟರ್ ಅಂದರೆ ತೆಳ್ಳನೆಯ ಮೃದುವಾದ ನಳಿಕೆಯನ್ನು ಮೂತ್ರದ ದಾರಿಯಲ್ಲಿ ಹಾಕಿ ಉಚ್ಚೆ ತೆಗೆದು, ಕೂಡಲೇ ನಳಿಕೆಯನ್ನೂ ತೆಗೆಯುವುದು. ಮೊದಲ ಕೆಲವು ಹನಿ ಚೆಲ್ಲಿ ಆಮೇಲಿನದನ್ನು ಹಿಡಿಯುತ್ತಾರೆ. ನಾಲ್ಕನೆಯದು, ಹೊಟ್ಟೆಯ ಮೇಲಿನಿಂದ ಸೂಜಿ ಹಾಕಿ ನೇರ ಮೂತ್ರಕೋಶದಿಂದಲೇ ತೆಗೆಯುವುದು. ಕೇಳಿದರೆ ಎದೆ ಝಲ್ ಅನ್ನುತ್ತದೆ, ಆದರೆ ಎಲ್ಲಕ್ಕಿಂತ ಶುದ್ಧ ಸ್ಯಾಂಪಲ್ ಅದೇ. ಅಲ್ಟ್ರಾಸೌಂಡ್‌ನಲ್ಲಿ ಮೂತ್ರಕೋಶ ತುಂಬಿದೆಯೇ ನೋಡಿಕೊಂಡು ಹಾಕಿದರೆ ಗುರಿ ತಪ್ಪುವುದು ಕಡಿಮೆ. ಮೆಲ್ಬರ್ನ್‌ನದ್ದೇ 2012ರ ಒಂದು ಅಧ್ಯಯನದಲ್ಲಿ ಕಲಬೆರಕೆ ಆದ ಸ್ಯಾಂಪಲ್‌ಗಳು ಡಬ್ಬಿ ಹಿಡಿದಲ್ಲಿ ನೂರಕ್ಕೆ 26, ಕ್ಯಾತಿಟರ್‌ನಲ್ಲಿ 12, ಸೂಜಿಯಲ್ಲಿ 1.

ಕ್ಯಾತಿಟರ್ ಹಾಕಿದರೆ ಮಗುವಿಗೆ ನೋವಾಗುವುದಿಲ್ಲವೇ? ಬೇಡ ಅನ್ನಬಹುದೇ?

ಒಂದೆರಡು ನಿಮಿಷ ಕಿರಿಕಿರಿ ಆಗುತ್ತದೆ, ಮಗು ಅಳುತ್ತದೆ. ಆಮೇಲೆ ಒಂದೆರಡು ಸಲ ಉಚ್ಚೆ ಹೊಯ್ಯುವಾಗ ಉರಿಯಬಹುದು. ಬೇಡ ಅನ್ನುವ ಹಕ್ಕು ನಿಮಗಿದೆ, ಆದರೆ ಮೊದಲು ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: 'ಈಗಲೇ ಆಂಟಿಬಯಾಟಿಕ್ ಶುರು ಮಾಡಬೇಕಾ?' ಹೌದು ಅಂದರೆ ಕ್ಯಾತಿಟರ್ ಒಪ್ಪಿಕೊಳ್ಳುವುದೇ ಲೇಸು. ಯಾಕೆಂದರೆ ಮದ್ದು ಹೊಟ್ಟೆಗೆ ಹೋದ ಮೇಲೆ ಶುದ್ಧ ಸ್ಯಾಂಪಲ್ ತೆಗೆಯುವ ಅವಕಾಶ ಮತ್ತೆ ಸಿಗುವುದಿಲ್ಲ. ಮಗು ಆರಾಮಾಗಿದೆ, ಒಂದೆರಡು ಗಂಟೆ ಕಾಯಬಹುದು ಅಂದರೆ ಡಬ್ಬಿ ಹಿಡಿದು ಪ್ರಯತ್ನಿಸಿ.

ಸ್ಯಾಂಪಲ್ ಮನೆಯಲ್ಲಿ ಹಿಡಿದು ಲ್ಯಾಬ್‌ಗೆ ಕೊಂಡುಹೋಗುವುದು ತಡವಾದರೆ?

ಹೊರಗಿಟ್ಟರೆ ಒಂದು ಗಂಟೆಯೊಳಗೆ, ಫ್ರಿಜ್‌ನಲ್ಲಿಟ್ಟರೆ ನಾಲ್ಕು ಗಂಟೆಯೊಳಗೆ ಪರೀಕ್ಷೆ ಆಗಬೇಕು. ಹೊರಗೆ ಬಿಟ್ಟರೆ ಒಂದೆರಡು ಬ್ಯಾಕ್ಟೀರಿಯಾಗಳೇ ಬೆಳೆದು ಲಕ್ಷವಾಗುತ್ತವೆ, ಬಿಳಿ ರಕ್ತಕಣಗಳು ಒಡೆದುಹೋಗುತ್ತವೆ. ಎರಡೂ ಕಡೆಯಿಂದ ರಿಪೋರ್ಟ್ ಕೆಡುತ್ತದೆ.

ರಿಪೋರ್ಟ್‌ನಲ್ಲಿ 'ಪಸ್ ಸೆಲ್ಸ್ 6ರಿಂದ 8' ಅಂತಿದೆ. ಇದು ಜಾಸ್ತಿಯೇ?

ಪಸ್ ಸೆಲ್ಸ್ ಅಂದರೆ ಬಿಳಿ ರಕ್ತಕಣಗಳೇ. ಉಚ್ಚೆಯನ್ನು ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಒಂದು ಹೈ ಪವರ್ ಫೀಲ್ಡ್‌ನಲ್ಲಿ (ಮಸೂರದಡಿ ಒಮ್ಮೆಗೆ ಕಾಣುವಷ್ಟು ಜಾಗದಲ್ಲಿ) 5 ಅಥವಾ ಜಾಸ್ತಿ ಬಿಳಿ ರಕ್ತಕಣ ಕಂಡರೆ ಜಾಸ್ತಿ ಅನ್ನುವುದು ವಾಡಿಕೆ. ತಿರುಗಿಸದ ಉಚ್ಚೆಯನ್ನು ಎಣಿಕೆಯ ಗಾಜಿನ ಮೇಲೆ ನೋಡಿದರೆ ಒಂದು ಘನ ಮಿಲಿಮೀಟರಿಗೆ 10. ಆದರೆ ಈ ಗೆರೆ ಉಚ್ಚೆ ಎಷ್ಟು ಗಟ್ಟಿ ಅನ್ನುವುದರ ಮೇಲೂ ನಿಂತಿದೆ. ತೆಳುವಾದ ಉಚ್ಚೆಯಲ್ಲಿ 3 ಕಣ ಕಂಡರೂ ಅನುಮಾನ ಪಡಬೇಕಾಗಬಹುದು, ಗಟ್ಟಿ ಉಚ್ಚೆಯಲ್ಲಿ 5 ಕಂಡರೂ ಏನೂ ಇರದೆ ಹೋಗಬಹುದು. ರಿಪೋರ್ಟ್‌ನಲ್ಲಿ ಸ್ಪೆಸಿಫಿಕ್ ಗ್ರ್ಯಾವಿಟಿ ಅಂತ ಒಂದು ಸಾಲು ಇರುತ್ತದೆ, 1.015ಕ್ಕಿಂತ ಕಡಿಮೆ ಇದ್ದರೆ ತೆಳು ಅಂತ ಲೆಕ್ಕ. ಬಹಳ ಜನ ಆ ಸಾಲನ್ನು ನೋಡುವುದೇ ಇಲ್ಲ.

ಕಲ್ಚರ್ ಅಂತಿಮ ತೀರ್ಪು ಅಲ್ಲವೇ?

ಇರುವುದರಲ್ಲಿ ಅದೇ ಅಳತೆಗೋಲು. ಯಾವ ಬ್ಯಾಕ್ಟೀರಿಯಾ, ಯಾವ ಮದ್ದಿಗೆ ಬಗ್ಗುತ್ತದೆ ಅಂತ ಬೇರೆ ಯಾವ ಮಾರ್ಕರ್ ಕೂಡ ಹೇಳುವುದಿಲ್ಲ. ಆದರೆ 24ರಿಂದ 48 ಗಂಟೆ ಬೇಕು, ಮದ್ದಿಗೆ ಬಗ್ಗುವ ವಿವರಕ್ಕೆ ಇನ್ನೂ ಸ್ವಲ್ಪ.

ಸೋಂಕು ಅನ್ನಲು ಒಂದು ಮಿಲಿಲೀಟರಿಗೆ 1,00,000 ಕಾಲನಿ (ಬೆಳೆದ ಬ್ಯಾಕ್ಟೀರಿಯಾ ಗುಂಪು) ಬೇಕು ಎಂಬ ಪ್ರಸಿದ್ಧ ಗೆರೆ ಬಂದದ್ದು 1950ರ ದಶಕದಲ್ಲಿ ಎಡ್ವರ್ಡ್ ಕಾಸ್ ಮಾಡಿದ ಕೆಲಸದಿಂದ. ಅವರು ನೋಡಿದ್ದು ದೊಡ್ಡ ಹೆಂಗಸರನ್ನು, ಕೂಸುಗಳನ್ನಲ್ಲ. ಹೀಗಾಗಿ ಕ್ಯಾತಿಟರ್‌ನಲ್ಲಿ ತೆಗೆದ ಕೂಸಿನ ಉಚ್ಚೆಗೆ ಅಕಾಡೆಮಿ 50,000 ಅಂತ ಇಟ್ಟಿತು. ಅದಕ್ಕಿಂತ ಕಡಿಮೆ ಎಣಿಕೆಯನ್ನೂ ಒಪ್ಪುವವರು ಇದ್ದಾರೆ. ಸೂಜಿಯಲ್ಲಿ ತೆಗೆದದ್ದಾದರೆ ಇನ್ನೂ ಕಡಿಮೆ ಸಾಕು. 'ಮಿಶ್ರ ಬೆಳವಣಿಗೆ' ಅಂತ ಬಂದರೆ ಸಾಮಾನ್ಯವಾಗಿ ಸ್ಯಾಂಪಲ್ ಕಲಬೆರಕೆ ಆಗಿದೆ ಅಂತಲೇ ಅರ್ಥ.

ಸ್ಟ್ರಿಪ್ ನೆಗೆಟಿವ್, ಕಲ್ಚರ್ ಪಾಸಿಟಿವ್. ಯಾವುದನ್ನು ನಂಬಬೇಕು?

ಮೂರು ಸಾಧ್ಯತೆ. ಸ್ಯಾಂಪಲ್ ಕಲಬೆರಕೆ ಆಗಿರಬಹುದು. ಬ್ಯಾಕ್ಟೀರಿಯಾ ಮೂತ್ರಕೋಶದಲ್ಲಿ ತೊಂದರೆ ಕೊಡದೆ ಸುಮ್ನೆ ವಾಸ ಮಾಡುತ್ತಿರಬಹುದು, ಇಂಥ ಮಕ್ಕಳಿಗೆ ಮದ್ದು ಬೇಕಿಲ್ಲ. ಅಥವಾ ನಿಜವಾದ ಸೋಂಕೇ ಇದ್ದು ಮೈ ಇನ್ನೂ ಪ್ರತಿಕ್ರಿಯೆ ತೋರಿಸಿಲ್ಲದಿರಬಹುದು.

ಅಕಾಡೆಮಿ 2011ರಲ್ಲಿ ಸೋಂಕು ಅನ್ನಲು ಕಲ್ಚರ್ ಒಂದೇ ಸಾಲದು, ಮೈಯ ಪ್ರತಿಕ್ರಿಯೆಯ ಗುರುತೂ ಬೇಕು ಅಂತ ಹೇಳಿತು. ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಎಳೆಯ ಕೂಸುಗಳಿಗೆ ಬರುವ ಬ್ರಾಂಕಿಯೋಲೈಟಿಸ್ ಎಂಬ ಎದೆಯ ಸೋಂಕಿನ ಜೊತೆ ಮೂತ್ರದ ಸೋಂಕೂ ಇರುತ್ತದೆಯೇ ಅಂತ 2019ರಲ್ಲಿ ಹಳೆಯ ಅಧ್ಯಯನಗಳನ್ನು ಕೂಡಿಸಿ ನೋಡಿದರು. ಕಲ್ಚರ್ ಮಾತ್ರ ಲೆಕ್ಕಕ್ಕೆ ಹಿಡಿದರೆ ನೂರಕ್ಕೆ 3.1. ಯೂರಿನ್ ಮಾರ್ಕರ್ ಕೂಡ ಪಾಸಿಟಿವ್ ಇರಲೇಬೇಕು ಅಂದರೆ 0.8.

ಜ್ವರ ಇಳಿದು ಮಗು ಆಡಿಕೊಂಡಿದ್ದರೆ ಡಾಕ್ಟರು ಮದ್ದು ನಿಲ್ಲಿಸಲೂಬಹುದು. ಜ್ವರ ಹಾಗೇ ಇದ್ದರೆ ಕಲ್ಚರ್‌ನ ಮಾತು ಕೇಳುತ್ತಾರೆ.

ಎನ್‌ಗ್ಯಾಲ್ ಅಂತ ಹೊಸ ಟೆಸ್ಟ್ ಬಂದಿದೆಯಂತೆ. ಅದೇನು?

ಹೆಸರು ಉದ್ದ: ನ್ಯೂಟ್ರೋಫಿಲ್ ಜೆಲಾಟಿನೇಸ್ ಅಸೋಸಿಯೇಟೆಡ್ ಲಿಪೋಕ್ಯಾಲಿನ್. ಬಿಳಿ ರಕ್ತಕಣದಲ್ಲೂ ಕಿಡ್ನಿಯ ನಾಳಗಳ ಕೋಶದಲ್ಲೂ ತಯಾರಾಗುವ ಒಂದು ಪ್ರೋಟೀನ್. ಅದರ ಕೆಲಸ ಸೊಗಸಾಗಿದೆ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು. ಇ. ಕೋಲಿ ಎಂಟರೊಬ್ಯಾಕ್ಟಿನ್ ಎಂಬ ವಸ್ತುವನ್ನು ಹೊರಗೆ ಬಿಟ್ಟು ಸುತ್ತಲಿನ ಕಬ್ಬಿಣ ಹಿಡಿದು ತರಿಸಿಕೊಳ್ಳುತ್ತದೆ. ಎನ್‌ಗ್ಯಾಲ್ ಆ ಎಂಟರೊಬ್ಯಾಕ್ಟಿನ್ ಅನ್ನೇ ಕಬ್ಬಿಣದ ಸಮೇತ ಕಸಿದುಕೊಂಡುಬಿಡುತ್ತದೆ. ಬ್ಯಾಕ್ಟೀರಿಯಾ ಉಪವಾಸ. ಕೆಲವು ತಳಿಗಳು ಎನ್‌ಗ್ಯಾಲ್ ಕೈಗೆ ಸಿಗದ ಹಾಗೆ ಎಂಟರೊಬ್ಯಾಕ್ಟಿನ್‌ನ ಆಕಾರ ಬದಲಿಸಿಕೊಂಡಿವೆ ಅನ್ನುವುದು ಬೇರೆ ಕತೆ.

ಮಕ್ಕಳಿಗೆ ಇದು ಹೊಂದುತ್ತದೆ, ಯಾಕೆಂದರೆ ನೈಟ್ರೈಟ್ ಹಾಗೆ ಉಚ್ಚೆ ನಾಲ್ಕು ಗಂಟೆ ನಿಲ್ಲಬೇಕಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜ್ವರ ಬಂದ 260 ಪುಟ್ಟ ಮಕ್ಕಳನ್ನು ನೋಡಿದರು, ಸೋಂಕು ಇದ್ದವರು 35. ಎನ್‌ಗ್ಯಾಲ್ ಅವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರನ್ನೂ ಹಿಡಿಯಿತು, ಸೋಂಕು ಇಲ್ಲದವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಮಕ್ಕಳಿಗೆ ಸರಿಯಾಗಿ ನೆಗೆಟಿವ್ ಕೊಟ್ಟಿತು. ಮೇಲಿನ ಸ್ಟ್ರಿಪ್ ಲೆಕ್ಕದ ಪಕ್ಕದಲ್ಲಿಟ್ಟರೆ ಆಸೆ ಹುಟ್ಟುವುದು ಸಹಜ.

ಆದರೂ ಸ್ವಲ್ಪ ತಾಳಿ. ಮೂವತ್ತೈದು ಮಕ್ಕಳು ಸಣ್ಣ ಸಂಖ್ಯೆ. ಪಾಸಿಟಿವ್ ಅನ್ನಲು ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ. ಕಿಡ್ನಿಗೆ ಬೇರೆ ಕಾರಣಕ್ಕೆ ಪೆಟ್ಟು ಬಿದ್ದಾಗಲೂ ಎನ್‌ಗ್ಯಾಲ್ ಏರುತ್ತದೆ. ನಿಜ ಹೇಳಬೇಕೆಂದರೆ ಅದು ಮೊದಲು ಹೆಸರು ಮಾಡಿದ್ದೇ ಹಾಗೆ, ಹೃದಯದ ಆಪರೇಷನ್ ಆದ ಮಕ್ಕಳಲ್ಲಿ ಕಿಡ್ನಿಗೆ ಆದ ಪೆಟ್ಟನ್ನು ಬೇಗ ತೋರಿಸುವ ಗುರುತಾಗಿ, 2005ರಲ್ಲಿ. ಸ್ಟ್ರಿಪ್ ಹಾಗೆ ಎಲ್ಲ ಕಡೆ ಸಿಗುವ ಟೆಸ್ಟ್ ಕೂಡ ಅಲ್ಲ. ನಿಮ್ಮ ಡಾಕ್ಟರು ಅದನ್ನು ಬರೆಯಲಿಲ್ಲ ಅಂದರೆ ಹಿಂದೆ ಬಿದ್ದಿದ್ದಾರೆ ಅಂತ ಅರ್ಥವಲ್ಲ.

ಬೇರೆ ಮಾರ್ಕರ್‌ಗಳು? ರಕ್ತದ ಸಿಆರ್‌ಪಿ ಯಾಕೆ ಮಾಡಿಸುತ್ತಾರೆ?

ಉಚ್ಚೆಯಲ್ಲಿ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಮುಂತಾದವನ್ನು ಸಂಶೋಧಕರು ನೋಡುತ್ತಿದ್ದಾರೆ, ದಿನನಿತ್ಯದ ಬಳಕೆಗೆ ಬಂದಿಲ್ಲ. ಸಿಆರ್‌ಪಿ, ಪ್ರೋಕ್ಯಾಲ್ಸಿಟೋನಿನ್ ಅಂದರೆ ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಗುರುತುಗಳು. ಅವು ಕೇಳುವುದು ಬೇರೆ ಪ್ರಶ್ನೆ: ಸೋಂಕು ಕಿಡ್ನಿಗೆ ಹೋಗಿದೆಯೇ? ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕಿಡ್ನಿ ಸೋಂಕಿನ ಸಾಧ್ಯತೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಕಲ್ಚರ್ ಬರುವ ಮೊದಲೇ ಆಂಟಿಬಯಾಟಿಕ್ ಕೊಟ್ಟರು. ತಪ್ಪಲ್ಲವೇ?

ಜ್ವರ ಇದ್ದು, ಮಾರ್ಕರ್ ಪಾಸಿಟಿವ್ ಇದ್ದು, ಕಲ್ಚರ್‌ಗೆ ಒಳ್ಳೆಯ ಸ್ಯಾಂಪಲ್ ತೆಗೆದ ಮೇಲೆ ಕೊಟ್ಟಿದ್ದರೆ ಸರಿಯಾದ ಕ್ರಮವೇ. ಮೊದಲು ಸ್ಯಾಂಪಲ್, ಆಮೇಲೆ ಮದ್ದು. ಈ ಸರದಿ ಉಲ್ಟಾ ಆದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಸೋಂಕು ಇತ್ತೋ ಇಲ್ಲವೋ ಕೊನೆಗೂ ಗೊತ್ತಾಗದೆ ಹೋಗುತ್ತದೆ. ಮನೆಯಲ್ಲಿ ಉಳಿದ ಹಳೆಯ ಆಂಟಿಬಯಾಟಿಕ್ ಸಿರಪ್ ಕೊಟ್ಟು ಆಮೇಲೆ ಆಸ್ಪತ್ರೆಗೆ ಹೋದರೂ ಇದೇ ಗತಿ. ಕೊಟ್ಟಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಕಲ್ಚರ್ ನೆಗೆಟಿವ್ ಬಂದರೆ ಮದ್ದು ಮುಂದುವರಿಸಬೇಕಾ ಅಂತ ನೀವೇ ಫೋನ್ ಮಾಡಿ ಕೇಳಿ. ಆ ರಿಪೋರ್ಟ್ ತೆಗೆದುಕೊಳ್ಳುವುದನ್ನು ಮರೆತು ಕೋರ್ಸ್ ಮುಗಿಸುವವರೇ ಜಾಸ್ತಿ.

ಕೂಸಿಗೆ ಇನ್ನೂ ಎರಡು ತಿಂಗಳು. ಇದೇ ನಿಯಮಗಳೇ?

ಮಾರ್ಕರ್‌ಗಳು ಅಷ್ಟು ಎಳೆಯ ಕೂಸುಗಳಲ್ಲಿ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. 60 ದಿನದೊಳಗಿನ ನಾಲ್ಕು ಸಾವಿರಕ್ಕೂ ಹೆಚ್ಚು ಜ್ವರದ ಕೂಸುಗಳನ್ನು ನೋಡಿದ 2018ರ ಅಮೆರಿಕದ ಅಧ್ಯಯನದಲ್ಲಿ ಯೂರಿನ್ ಪರೀಕ್ಷೆ ನೂರಕ್ಕೆ 94 ಸೋಂಕುಗಳನ್ನು ಹಿಡಿಯಿತು. ಸೋಂಕು ರಕ್ತಕ್ಕೂ ಹರಡಿದ್ದ ಕೂಸುಗಳಲ್ಲಿ ಒಂದನ್ನೂ ಬಿಡಲಿಲ್ಲ.

ಆದರೆ ನಡೆದುಕೊಳ್ಳುವ ರೀತಿ ಬೇರೆ. ಮೂರು ತಿಂಗಳೊಳಗಿನ ಕೂಸಿಗೆ ಮೈ 38 ಡಿಗ್ರಿ ಅಥವಾ ಜಾಸ್ತಿ ಕಾದರೆ ಸ್ಟ್ರಿಪ್, ಬ್ಯಾಗ್ ಅಂತ ಮನೆಯಲ್ಲಿ ಯೋಚನೆ ಮಾಡುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಮಕ್ಕಳ ಆಸ್ಪತ್ರೆಗೆ ಹೊರಡಿ. ಯಾವ ವಯಸ್ಸಿನ ಮಗುವಾದರೂ ಮಂಕಾಗಿ ಎಚ್ಚರಿಸಿದರೂ ಸರಿಯಾಗಿ ಏಳದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಡಯಾಪರ್ ಗಂಟೆಗಟ್ಟಲೆ ಒಣಗಿಯೇ ಇದ್ದರೆ, ಮದ್ದು ಶುರುವಾಗಿ 48 ಗಂಟೆ ಆದರೂ ಜ್ವರ ಬಿಡದಿದ್ದರೆ ಆಗಲೂ ಅಷ್ಟೇ.

ಮದ್ದಿನ ಕೋರ್ಸ್ ಮುಗಿದ ಮೇಲೆ ಮತ್ತೆ ಯೂರಿನ್ ಟೆಸ್ಟ್ ಬೇಕೇ?

ಮಗು ಚೆನ್ನಾಗಿದ್ದರೆ ಸಾಮಾನ್ಯವಾಗಿ ಬೇಡ. ಸುಮ್ನೆ ಇನ್ನೊಂದು ಬ್ಯಾಗ್ ಸ್ಯಾಂಪಲ್ ಕಳಿಸಿ, ಕಲಬೆರಕೆ ರಿಪೋರ್ಟ್ ತರಿಸಿಕೊಂಡು, ಮತ್ತೆ ಮದ್ದು ಶುರು ಮಾಡಿಸಿಕೊಳ್ಳುವುದು ಬೇಡ. ಕಿಡ್ನಿ ಅಲ್ಟ್ರಾಸೌಂಡ್ ಬೇಕೇ ಅನ್ನುವುದು ಬೇರೆ ವಿಷಯ. ಅದು ಮಗುವಿನ ವಯಸ್ಸು, ಇದು ಎಷ್ಟನೆಯ ಸೋಂಕು, ಮದ್ದಿಗೆ ಬೇಗ ಬಗ್ಗಿತೇ ಅನ್ನುವುದರ ಮೇಲೆ ನಿಂತಿದೆ. ಮುಂದೆ ಯಾವಾಗಲಾದರೂ ಕಾರಣ ಕಾಣದ ಜ್ವರ ಬಂದರೆ ಮಾತ್ರ ಹಿಂದಿನ ಕಲ್ಚರ್ ರಿಪೋರ್ಟ್ ಕೈಯಲ್ಲಿ ಹಿಡಿದೇ ಹೋಗಿ. ಅದರಲ್ಲಿ ಉಚ್ಚೆಯನ್ನು ಬ್ಯಾಗಿನಲ್ಲಿ ಹಿಡಿದದ್ದೋ ಕ್ಯಾತಿಟರ್‌ನಲ್ಲಿ ತೆಗೆದದ್ದೋ ಅಂತ ಬರೆದಿಲ್ಲದಿದ್ದರೆ, ಪೆನ್ನಿನಲ್ಲಿ ನೀವೇ ಬರೆದಿಟ್ಟುಕೊಳ್ಳಿ.